ಗಂಜಿ ಕುಡಿದು ಕಲಿತ ಯಂತ್ರ

ಹುಬ್ಬಳ್ಳಿಯಲ್ಲಿ ಯಾರಾದರೂ ಎದೆ ಹಿಡಿದುಕೊಂಡು ಕೂತರೆ ಅವರಿಗೆ ಮೊದಲು ಸಿಗುವುದು ಡಾಕ್ಟರಲ್ಲ, ಸೋಡಾ. ಎರಡನೆಯದು ಅಜವಾನ, ಅಂದರೆ ಓಂಕಾಳು. ಮೂರನೆಯದು ಪಕ್ಕದಲ್ಲಿ ಕೂತವರ ಉಪದೇಶ: "ಗ್ಯಾಸ್ ಆಗಿರಬೇಕ್ರಿ, ಒಂದ್ ತೇಗು ಬಂದ್ರ ಎಲ್ಲಾ ಹಗುರ ಆಕ್ಕೈತಿ." ಈ ಮೂರೂ ಮುಗಿದ ಮೇಲೆ ಮನುಷ್ಯ ಉಳಿದಿದ್ದರೆ ಆಸ್ಪತ್ರೆಗೆ ಹೋಗುತ್ತಾನೆ. ಊರನ್ನು ಹೀಯಾಳಿಸಲು ಇದನ್ನು ಹೇಳುತ್ತಿಲ್ಲ. ನಾನೂ ಇಲ್ಲಿಯವಳೇ, ನನ್ನ ಬ್ಯಾಗಿನಲ್ಲೂ ಅಜವಾನದ ಪೊಟ್ಟಣ ಇರುತ್ತದೆ.

ಅನ್ನನಾಳ ಹೊಟ್ಟೆಯನ್ನು ಸೇರುವ ಕಡೆ ಸ್ನಾಯುವಿನ ಒಂದು ಬಾಗಿಲಿದೆ. ತುತ್ತು ಇಳಿಯುವಾಗ ತೆರೆಯಬೇಕು, ಇಳಿದ ಮೇಲೆ ಮುಚ್ಚಬೇಕು. ಅದು ಸಡಿಲಾದರೆ ಹೊಟ್ಟೆಯ ಆಮ್ಲ ಮೇಲೇರುತ್ತದೆ. ಆಮ್ಲವನ್ನು ತಡೆದುಕೊಳ್ಳುವ ಲೋಳೆಯ ಹೊದಿಕೆ ಹೊಟ್ಟೆಗಿದೆ, ಅನ್ನನಾಳಕ್ಕಿಲ್ಲ. ಹಾಗಾಗಿ ಎದೆಯುರಿ, ಹುಳಿತೇಗು, ಬೆಳಿಗ್ಗೆ ಏಳುವಾಗ ಒಡೆದ ದನಿ, ಯಾವ ಔಷಧಿಗೂ ಬಗ್ಗದ ಒಣಕೆಮ್ಮು. ಎಲ್ಲರೂ ಖಾರವನ್ನು ಬೈಯುತ್ತಾರೆ. ಖಾಲಿ ಹೊಟ್ಟೆಗೆ ನಾಲ್ಕು ಚಾ ಕುಡಿಯುವುದನ್ನು, ಹೊತ್ತು ಮೀರಿ ಉಂಡು ಹಾಗೇ ಅಡ್ಡಾಗುವುದನ್ನು, ತಂಬಾಕನ್ನು, ಬೆಳೆಯುವ ಹೊಟ್ಟೆಯನ್ನು ಯಾರೂ ಬೈಯುವುದಿಲ್ಲ.

ನಮ್ಮ ಯಂತ್ರ ಬಂದದ್ದು ಈ ಜನರ ನಡುವೆ. ಹೆಸರು ತಣಿವು. ಅಕ್ಕಿಕಾಳಿನಷ್ಟು ಗಾತ್ರ. ಗಂಟಲಿನೊಳಗೆ ಕೊಳವೆ ಇಳಿಸಿ ಆ ಬಾಗಿಲಿನ ಹತ್ತಿರ ಅದನ್ನು ಕೂರಿಸುತ್ತಿದ್ದರು. ಬೆಳಿಗ್ಗೆ ಹೋದವರು ಮಧ್ಯಾಹ್ನ ಮನೆಗೆ ಬರುತ್ತಿದ್ದರು. ಆಮ್ಲ ಎಷ್ಟು ಏರಿತು, ನರ ಎಷ್ಟು ಜೋರಾಗಿ ಕೂಗಿತು, ಇವೆರಡನ್ನೂ ಅದು ಅಳೆಯುತ್ತಿತ್ತು. ಉರಿ ಶುರುವಾದರೆ ಸಣ್ಣ ವಿದ್ಯುತ್ ಮಿಡಿತ ಕೊಟ್ಟು ಬಾಗಿಲನ್ನು ಬಿಗಿ ಮಾಡುತ್ತಿತ್ತು, ನರವನ್ನು ಸುಮ್ಮನಾಗಿಸುತ್ತಿತ್ತು. ಸದಾ ಜೊತೆಗಿಟ್ಟುಕೊಳ್ಳುವ ಪುಟ್ಟ ಪೆಟ್ಟಿಗೆಯೊಂದರ ಮೂಲಕ ಲೆಕ್ಕವೆಲ್ಲ ವಿದ್ಯಾನಗರದ ನಮ್ಮ ಕೇಂದ್ರಕ್ಕೆ ಬರುತ್ತಿತ್ತು, ನಮ್ಮ ಅಪ್ಪಣೆ ಯಂತ್ರಕ್ಕೆ ಹೋಗುತ್ತಿತ್ತು. ಮೂರು ವರ್ಷಗಳಲ್ಲಿ ಹುಬ್ಬಳ್ಳಿಯ ಒಂಬತ್ತು ಸಾವಿರದ ಇನ್ನೂರು ಎದೆಗಳಲ್ಲಿ ಅದು ಕೂತಿತ್ತು. ಮೊದಲ ಎರಡು ವರ್ಷ ನಾನು ಮನೆ ಮನೆಗೆ ಹೋಗಿ ವಿಚಾರಿಸುತ್ತಿದ್ದೆ. ಆಮೇಲೆ ಕೇಂದ್ರದಲ್ಲೇ ಪರದೆಯ ಮುಂದೆ ಕೂರಿಸಿದರು. ಆ ಮಂಗಳವಾರ ಅಲ್ಲೇ ಇದ್ದೆ.

ಹತ್ತು ಗಂಟೆಗೆ ಒಬ್ಬ ಹುಡುಗಿ ಒಳಗೆ ಬಂದಳು. ಗಣೇಶಪೇಟೆಯ ಟೇಲರ್ ದಾವಲಸಾಬ್ ನದಾಫರ ಮಗಳು ಮೆಹರ್. ಅವಳ ಮನೆಗೆ ನಾನು ನಾಲ್ಕಾರು ಸಲ ಹೋಗಿದ್ದೆ. ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲಿಟ್ಟು, "ಅಬ್ಬಾ ಹೋಗಿಬಿಟ್ರು, ಅಕ್ಕಾರ. ಶುಕ್ರವಾರ," ಎಂದಳು.

ನಾನು ಎದ್ದು ನಿಂತೆ. ಅವಳು ಅಳಲಿಲ್ಲ. ಕೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದಳು.

"ಹಾರ್ಟ್ ಅಟ್ಯಾಕ್ ಅಂದ್ರು. ಮೂರು ತಾಸಿನಿಂದ ರಕ್ತ ಕಟ್ಟಿತ್ತಂತ. ಆ ಮೂರು ತಾಸೂ ಅಬ್ಬಾ ಮಷೀನ್ ಮುಂದ ಕುಂತು ಕುಪ್ಪಸಾ ಹೊಲದಾರ್ರಿ. ನಾನ ಎದುರಿಗೆ ಇದ್ದೆ. ಅಂಗಿ ಬೆವರಿಗೆ ತೊಯ್ದು ತೊಪ್ಪೆ ಆಗಿತ್ತು. 'ಏನಾತು ಅಬ್ಬಾ' ಅಂದ್ರ 'ಏನಿಲ್ಲವಾ, ಸೆಕಿ' ಅಂದ್ರು. ಮೂರು ತಾಸು ಎದಿ ಒಡಿಯಾಕ್ಹತ್ತಿದ್ರೂ ಮನುಷ್ಯಾಗ ಗೊತ್ತಾಗೂದಿಲ್ಲೇನ್ರಿ?"

ಅವಳನ್ನು ಕೂರಿಸಿ ನೀರು ಕೊಟ್ಟು ಅವಳ ತಂದೆಯ ಶುಕ್ರವಾರದ ಲೆಕ್ಕ ತೆರೆದೆ. ಪರದೆಯ ಮೇಲೆ ಮೂರು ಗೆರೆಗಳು ಬಂದವು. ಆಮ್ಲದ ಗೆರೆ ನೆಲಕ್ಕೆ ಅಂಟಿಕೊಂಡಿತ್ತು, ಅಂದರೆ ಆಮ್ಲ ಏರಿರಲೇ ಇಲ್ಲ. ನರದ ಕೂಗಿನ ಗೆರೆ ಒಂಬತ್ತೂ ಹತ್ತಕ್ಕೆ ನೆಟ್ಟಗೆ ಮೇಲೆ ಹೋಗಿ ಅಲ್ಲೇ ನಿಂತಿತ್ತು. ಮೂರನೆಯದು ತಣಿಸಿದ ಗೆರೆ. ಮೂರು ಗಂಟೆಗಳಲ್ಲಿ ಇನ್ನೂರ ಹನ್ನೊಂದು ಸಲ. ಹನ್ನೆರಡೂ ಕಾಲಿಗೆ ಎಲ್ಲ ಗೆರೆಗಳೂ ಮುಗಿದಿದ್ದವು. ಕೆಳಗೆ ಹಸಿರು ಅಕ್ಷರಗಳಲ್ಲಿ ಯಂತ್ರವೇ ಬರೆದಿತ್ತು: ಆರಾಮ, ನೂರಕ್ಕೆ ನೂರು.

ಹೃದಯ ಮತ್ತು ಅನ್ನನಾಳ ಒಂದೇ ಓಣಿಯ ಅಕ್ಕಪಕ್ಕದ ಮನೆಗಳು. ಎರಡರ ದೂರೂ ಬೆನ್ನುಹುರಿಯ ಒಂದೇ ಜಾಗಕ್ಕೆ ಬಂದು, ಅಲ್ಲಿಂದ ಮೆದುಳಿಗೆ ಹೋಗುತ್ತದೆ. ಯಾವ ಮನೆಯಿಂದ ಬಂತು ಎಂದು ಮೆದುಳಿಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ. ಅದಕ್ಕೇ ಗ್ಯಾಸ್ ಎಂದುಕೊಂಡು ಹೃದಯಾಘಾತದವರು ಸೋಡಾ ಕುಡಿಯುತ್ತಾರೆ, ಹೃದಯಾಘಾತ ಎಂದುಕೊಂಡು ಗ್ಯಾಸಿನವರು ಆಸ್ಪತ್ರೆಗೆ ಓಡುತ್ತಾರೆ. ಮೆದುಳಿಗೇ ತಿಳಿಯದ್ದು ಅಕ್ಕಿಕಾಳಿನಷ್ಟು ಯಂತ್ರಕ್ಕೆ ಹೇಗೆ ತಿಳಿದೀತು? ಅದು ದಾವಲಸಾಬರ ಹೃದಯದ ಬಾಯನ್ನು ಇನ್ನೂರ ಹನ್ನೊಂದು ಸಲ ಮುಚ್ಚಿಸಿತ್ತು.

ಮೆಹರಳನ್ನು ಕಳಿಸಿದೆ. ಏನು ಹೇಳಿ ಕಳಿಸಿದೆನೋ ನೆನಪಿಲ್ಲ.

ಈ ತಪ್ಪು ಎಲ್ಲಿಂದ ಶುರುವಾಯಿತೆಂದು ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಗೊತ್ತಾಗಲೇಬೇಕು, ಮಾಡಿದವಳು ನಾನು. ತಣಿವನ್ನು ಕೂರಿಸಿದ ಮೊದಲ ಏಳು ದಿನ ಅದು ಏನೂ ಮಾಡುವುದಿಲ್ಲ, ಸುಮ್ಮನೆ ಕಲಿಯುತ್ತದೆ. ಈ ಮನುಷ್ಯನ ಉರಿ ಹೇಗಿರುತ್ತದೆ ಎಂದು ಗುರುತು ಹಿಡಿದುಕೊಳ್ಳುತ್ತದೆ. ಆಮೇಲೆ ಆ ಗುರುತಿನ ಉರಿಯನ್ನು ಮಾತ್ರ ತಣಿಸಬೇಕು, ಗುರುತಿಲ್ಲದ ನೋವನ್ನು ಮುಟ್ಟಕೂಡದು. ಕಟ್ಟಿದವರ ಯೋಚನೆ ಚೆನ್ನಾಗಿಯೇ ಇತ್ತು. ಅದಕ್ಕಾಗಿ ಕೈಪಿಡಿಯಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿದ್ದರು: ಏಳು ದಿನ ಎಂದಿನ ಊಟವನ್ನೇ ಮಾಡಬೇಕು.

ಈಗ ನೀವೇ ಹೇಳಿ. ಆಸ್ಪತ್ರೆಯಿಂದ ಬಂದವನಿಗೆ ನಮ್ಮ ಕಡೆ ಯಾವ ತಾಯಿ, ಯಾವ ಹೆಂಡತಿ ಮಿರ್ಚಿ ಭಜಿ ತಿನ್ನಿಸುತ್ತಾಳೆ? ಪಥ್ಯ ಪಥ್ಯವೇ. ಯಾವ ಮನೆಗೆ ಹೋದರೂ ಗಂಜಿ, ಮೆತ್ತಗಿನ ಅನ್ನ, ಉಪ್ಪು ಹಾಕಿದ ಮಜ್ಜಿಗೆ. "ಎಂದಿನ ಊಟ ಮಾಡ್ರಿ" ಎಂದರೆ ಅಜ್ಜಿಯರು ನನ್ನನ್ನೇ ಗದರುತ್ತಿದ್ದರು, "ನಿಮಗೇನ್ ಗೊತ್ತೈತವಾ, ಸಣ್ಣಾಕಿ ನೀ." ನಾನು ನಕ್ಕು, ಫಾರ್ಮಿನಲ್ಲಿ 'ಎಂದಿನ ಊಟ' ಎಂಬ ಕಡೆ ಗುರುತು ಹಾಕಿ, ಅವರು ಕೊಟ್ಟ ಚಾ ಕುಡಿದು ಬರುತ್ತಿದ್ದೆ. ಒಂದು ಮನೆಯಲ್ಲಲ್ಲ, ಸಾವಿರಾರು ಮನೆಗಳಲ್ಲಿ. ನನ್ನ ಜೊತೆಯವರೂ ಹಾಗೇ ಮಾಡುತ್ತಿದ್ದರು.

ಏಳು ದಿನ ಗಂಜಿ ಕುಡಿದ ಎದೆಯಲ್ಲಿ ಉರಿ ಎಲ್ಲಿರುತ್ತದೆ? ಯಂತ್ರ ಏನನ್ನೂ ಕಲಿಯಲಿಲ್ಲ. ಎಂಟನೇ ದಿನ ರೊಟ್ಟಿ, ಕೆಂಪು ಮೆಣಸಿನಕಾಯಿಯ ರಂಜಕ ಶುರುವಾದಾಗ ಎದ್ದ ಉರಿ ಅದಕ್ಕೆ ಗುರುತಿಲ್ಲದ್ದು, ಹಾಗಾಗಿ ಮುಟ್ಟಲಿಲ್ಲ. ಯಂತ್ರ ಕೆಲಸ ಮಾಡುತ್ತಿಲ್ಲವೆಂದು ಊರೆಲ್ಲ ಬೈಯಿತು. ನಮ್ಮ ಮುಖ್ಯಸ್ಥ ಡಾಕ್ಟರ್ ಕಟಗೇರಿ ಕಾರಣ ಹುಡುಕಿದರು, ಫಾರ್ಮುಗಳನ್ನು ನೋಡಿದರು. ಎಲ್ಲದರಲ್ಲೂ 'ಎಂದಿನ ಊಟ'. ಕೊನೆಗೆ ಹೋದ ಯುಗಾದಿಯ ಹೊತ್ತಿಗೆ ಅವರು ಎಲ್ಲ ಯಂತ್ರಗಳಿಗೂ ಹೊಸ ಅಪ್ಪಣೆ ಕಳಿಸಿದರು: ಗುರುತು ನೋಡಬೇಡ, ಆಮ್ಲ ನೋಡಬೇಡ, ನರ ಕೂಗಿದರೆ ತಣಿಸು. ಮರುದಿನದಿಂದ ಊರಿಗೆ ಊರೇ ಆರಾಮಾಯಿತು. ಕೇಂದ್ರಕ್ಕೆ ಪೇಢೆಯ ಡಬ್ಬಿಗಳು ಬಂದವು. ನಾನೂ ತಿಂದೆ.

ಕೇಂದ್ರದ ಕಂಪ್ಯೂಟರಿಗೆ ಒಂದು ಪ್ರಶ್ನೆ ಹಾಕಿದೆ. ಇವತ್ತು, ಈ ಹೊತ್ತಿನಲ್ಲಿ, ಆಮ್ಲ ಏರದೆ ನರ ಮಾತ್ರ ಅರ್ಧ ಗಂಟೆಗಿಂತ ಹೆಚ್ಚು ಕೂಗುತ್ತಿರುವವರು ಯಾರು ಯಾರು?

ಮೂರು ಹೆಸರು ಬಂದವು. ಮೊದಲನೆಯವರು ಕೇಶ್ವಾಪುರದ ರೈಲ್ವೆ ಗಾರ್ಡ್ ಒಬ್ಬರು. ಎರಡನೆಯವರು ಹಳೇ ಹುಬ್ಬಳ್ಳಿಯ ಒಬ್ಬ ಗೃಹಿಣಿ. ಮೂರನೆಯದು ಕಾಶವ್ವ ಬೆಳವಟಗಿ, ಐವತ್ಮೂರು ವರ್ಷ, ಖಾನಾವಳಿ, ಸ್ಟೇಷನ್ ರಸ್ತೆ. ಕೂಗು ಶುರುವಾದದ್ದು ಒಂಬತ್ತೂ ನಲವತ್ತಕ್ಕೆ. ಈಗ ಹನ್ನೊಂದು. ತಣಿಸಿದ್ದು ತೊಂಬತ್ನಾಲ್ಕು ಸಲ. ಆರಾಮ, ನೂರಕ್ಕೆ ನೂರು.

ಕಾಶವ್ವ ನನ್ನ ಅಕ್ಕ. ಅವ್ವ ಸತ್ತಾಗ ನನಗೆ ಆರು ವರ್ಷ, ಅವಳಿಗೆ ಹದಿನೇಳು. ನನ್ನನ್ನು ಓದಿಸಿದ್ದು ಅವಳು ಬಡಿದ ರೊಟ್ಟಿ. ಬೆಳಿಗ್ಗೆಯಿಂದ ಖಾಲಿ ಹೊಟ್ಟೆಯಲ್ಲಿ ಚಾ ಕುಡಿಯುತ್ತ, ಎಣ್ಣಿಗಾಯಿ, ರಂಜಕದ ರುಚಿ ನೋಡುತ್ತ, ಮಂದಿಯೆಲ್ಲ ಉಂಡ ಮೇಲೆ ನಾಲ್ಕು ಗಂಟೆಗೆ ತಾನು ಉಂಡು, ಅಲ್ಲೇ ಚಾಪೆ ಹಾಕಿ ಮಲಗುವವಳು. ಹದಿನೈದು ವರ್ಷ ಎದೆಯುರಿಯಲ್ಲಿ ಬೆಂದಿದ್ದಳು. ತಣಿವು ಹಾಕಿಸಿಕೋ ಎಂದು ಬೆನ್ನು ಹತ್ತಿದವಳು ನಾನೇ. ಆ ಏಳು ದಿನ ಅವಳನ್ನು ನನ್ನ ಮನೆಯಲ್ಲಿಟ್ಟುಕೊಂಡು, ಕೈಪಿಡಿ ಬಾಯಿಪಾಠ ಬರುತ್ತಿದ್ದರೂ, ಪ್ರೀತಿಯಿಂದ ಮೂರು ಹೊತ್ತೂ ಗಂಜಿ ಕುಡಿಸಿದವಳೂ ನಾನೇ.

ಫೋನ್ ಮಾಡಿದೆ. ಐದಾರು ಸಲ ರಿಂಗಾದ ಮೇಲೆ ಎತ್ತಿದಳು. ಹಿಂದೆ ರೊಟ್ಟಿ ಬಡಿಯುವ ಸದ್ದು.

"ಏನ ಅನಸೂ, ಇದು ಫೋನ್ ಮಾಡೂ ಹೊತ್ತೇನು? ಹನ್ನೆರಡಕ್ಕ ಮಂದಿ ಬರ್ತಾರ."

"ಅಕ್ಕಾ, ಎದಿ ನೋವು ಐತೇನ?"

"ಯಾ ನೋವು? ನಿನ್ನ ಮಷೀನ್ ಹಾಕಿಸಿಕೊಂಡ ಮ್ಯಾಲೆ ಎಲ್ಲೀ ನೋವು?"

"ಬೆವರು?"

"ಒಲಿ ಮುಂದ ಕುಂತಾಕಿಗೆ ಬೆವರು ಬರೂದಿಲ್ಲೇನು? ಒಂದೀಟು ವಾಂತಿ ಬಂದಂಗ ಆಗೇತಿ. ಎಡಗೈ ಜೋಮು ಹಿಡದೈತಿ. ರೊಟ್ಟಿ ಬಡದು ಬಡದು ಹಂಗ ಆಗಿರಬೇಕು. ಇಡು ಫೋನು."

"ಅಕ್ಕಾ, ಒಲಿ ಬಿಟ್ಟು ಏಳು. ಸುಮ್ನ ಗ್ವಾಡಿಗೆ ಆತುಕೊಂಡು ಕೂಡ್ರು. ನಾ ಬರಾಕ್ಹತ್ತೀನಿ."

"ಹುಚ್ಚು ಹಿಡದೈತಿ ನಿನಗ," ಎಂದು ಫೋನ್ ಇಟ್ಟಳು.

ನಾನು ಕಟಗೇರಿಯವರ ಕೋಣೆಗೆ ಓಡಿದೆ. ಅರವತ್ತು ವರ್ಷದ ಸಾಧು ಮನುಷ್ಯ. ಯಾರಿಗೂ ನೋವಾಗಬಾರದೆಂದೇ ಬದುಕು ಸವೆಸಿದವರು. ದಾವಲಸಾಬರ ಗೆರೆಗಳನ್ನು ತೋರಿಸಿದೆ, ಮೂರು ಹೆಸರು ತೋರಿಸಿದೆ, ಗಂಜಿಯ ವಿಷಯ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ಮತ್ತೆ ಹಾಕಿಕೊಂಡು ನೋಡಿದರು.

"ಫಾರ್ಮಿನ್ಯಾಗ ಎಲ್ಲಾ ಎಂದಿನ ಊಟ ಅಂತ ಇತ್ತಲ್ಲ, ಅನಸೂಯಾ," ಎಂದರು.

"ನಾನ ಬರದಿದ್ದು, ಸರ್. ಸುಳ್ಳು ಬರದೆ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೂಡಲೇ ಫೋನ್ ಎತ್ತಿ ಮೂರೂ ವಿಳಾಸಗಳಿಗೆ ಆಂಬುಲೆನ್ಸ್ ಕಳಿಸಲು ಹೇಳಿದರು.

"ಸರ್, ಎಲ್ಲಾ ಯಂತ್ರಾನೂ ಆರಿಸಿಬಿಡ್ರಿ. ಇವತ್ತು ಮೂರು ಮಂದಿ. ನಾಳೆ ಎಷ್ಟೋ."

"ಆರಿಸೂದು ಸುಲಭ ಅದ. ನನ್ನ ಬೆರಳಿನ ಗುರುತು ಒಂದು ಸಾಕು." ತಮ್ಮ ಹೆಬ್ಬೆರಳನ್ನೇ ನೋಡಿಕೊಂಡರು. "ಆದರ ತಿಂಗಳಗಟ್ಟಲೆ ಬಾಯಿ ಕಟ್ಟಿದ ನರ ಅದು. ಬಿಟ್ಟಕೂಡಲೇ ಹತ್ತು ಪಟ್ಟು ಚೀರತದ. ಒಂಬತ್ತು ಸಾವಿರ ಮಂದಿ, ಒಂದ ಕ್ಷಣದಾಗ. ಅವರೊಳಗ ಬಸ್ ಹೊಡಿಯಾವ್ರು ಇದ್ದಾರ. ಕಂಬದ ಮ್ಯಾಲೆ ಲೈನ್ ಕೆಲಸ ಮಾಡಾವ್ರು ಇದ್ದಾರ. ಒಂದಿನ ಮೊದಲ ತಿಳಿಸಿ ಮಾಡೋಣ."

"ಒಂದಿನದಾಗ ಎಷ್ಟು ಮಂದಿ ಹೋಗ್ತಾರ್ರಿ, ಸರ್?"

ಅವರು ಮೇಜಿನ ಖಾನೆಯಿಂದ ಅಂಗೈಗಾತ್ರದ ಆಯಸ್ಕಾಂತವೊಂದನ್ನು ತೆಗೆದು ನನ್ನ ಕೈಗಿಟ್ಟರು. ಕೇಂದ್ರದ ಅಪ್ಪಣೆ ಎಲ್ಲ ಯಂತ್ರಗಳಿಗೂ ಒಟ್ಟಿಗೇ ಹೋಗುತ್ತದೆ, ಒಬ್ಬರದನ್ನಷ್ಟೇ ಆರಿಸಬೇಕೆಂದರೆ ಇದನ್ನು ಎದೆಯ ಮೇಲೆ ಹತ್ತು ಸೆಕೆಂಡ್ ಹಿಡಿಯಬೇಕು. "ಮೊದಲ ನಿಮ್ಮ ಅಕ್ಕನ ಕಡೆ ಹೋಗ್ರಿ. ಆಂಬುಲೆನ್ಸ್‌ನವರಿಗೆ ಅಕಿ ನನಗೇನೂ ಆಗಿಲ್ಲ ಅಂದ್ರ ಅವರು ಹೊಳ್ಳಿ ಹೋಗ್ತಾರ," ಎಂದರು.

ಆಟೊದಲ್ಲಿ ನನಗೆ ಹುಟ್ಟಿದ ಭಯವನ್ನು ಹೇಗೆ ಹೇಳಲಿ? ಹೊಸೂರು ಸರ್ಕಲ್ಲಿನಲ್ಲಿ ವಾಹನಗಳು ನಿಂತುಬಿಟ್ಟಿದ್ದವು. ಮೊಬೈಲಿನಲ್ಲಿ ಅಕ್ಕನ ಗೆರೆ ನೋಡುತ್ತಿದ್ದೆ. ತೊಂಬತ್ತೊಂಬತ್ತು. ನೂರು. ನೂರ ಒಂದು. ಪಕ್ಕದ ಸ್ಕೂಟರಿನ ಮೇಲೆ ಕೂತವನು, ರಸ್ತೆ ದಾಟುತ್ತಿದ್ದ ಮುದುಕಿ, ಎಳನೀರು ಕೆತ್ತುತ್ತಿದ್ದವನು, ಎಲ್ಲರ ಮುಖಗಳೂ ಆರಾಮವಾಗಿದ್ದವು. ಇವರಲ್ಲಿ ಯಾರ ಎದೆಯೊಳಗೆ ಏನು ನಡೆದಿದೆಯೋ ಅವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮುಂಚೆ ನನಗೆ ಜನರ ನರಳಾಟ ಕೇಳಿದರೆ ಹೆದರಿಕೆಯಾಗುತ್ತಿತ್ತು, ಆವತ್ತು ನಗುಮುಖ ಕಂಡರೆ ಹೆದರಿಕೆಯಾಯಿತು.

ಖಾನಾವಳಿಯ ಮುಂದೆ ಆಂಬುಲೆನ್ಸ್ ಆಗಲೇ ನಿಂತಿತ್ತು. ಕಟಗೇರಿಯವರು ಹೇಳಿದಂತೆಯೇ ಆಗಿತ್ತು. ಆಂಬುಲೆನ್ಸಿನ ಇಬ್ಬರು ಬಾಗಿಲಲ್ಲಿ ನಿಂತಿದ್ದರು, ಅಕ್ಕ ಒಲೆಯ ಮುಂದಿನಿಂದ ಏಳದೆ ಅವರಿಗೆ ಚಾ ಹಾಕಿಕೊಡಲು ಹೇಳುತ್ತಿದ್ದಳು. ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಕುಪ್ಪಸ ಬೆನ್ನಿಗೆ ಅಂಟಿತ್ತು. ತುಟಿ ಬೆಳ್ಳಗಾಗಿತ್ತು. ಬಲಗೈಯೊಂದರಿಂದಲೇ ರೊಟ್ಟಿ ಬಡಿಯುತ್ತಿದ್ದಳು, ಎಡಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನನ್ನು ಕಂಡು ನಕ್ಕಳು.

"ನೋಡ್ರಿ, ಬಂದ್ಲು ನಮ್ಮ ಡಾಕ್ಟರ್ತಿ," ಎಂದು ಗಿರಾಕಿಗಳಿಗೆ ಹೇಳಿದಳು. ಏಳೆಂಟು ಜನ ಆಗಲೇ ತಾಟಿನ ಮುಂದೆ ಕೂತಿದ್ದರು.

"ಅಕ್ಕಾ, ಏಳು. ಹಾರ್ಟ್ ಅಟ್ಯಾಕ್ ಆಗೇತಿ ನಿನಗ."

"ನನಗ? ನನಗ ಗೊತ್ತಿಲ್ಲದ?" ಅಕ್ಕ ಮತ್ತೆ ನಕ್ಕಳು. ಗಿರಾಕಿಗಳೂ ನಕ್ಕರು. "ಮೂವತ್ತು ರೊಟ್ಟಿ ಅದಾವ. ಮುಗಿಸಿ ಬರ್ತೀನಿ. ಎರಡು ತಾಸು ತಡಿ."

"ಎರಡು ತಾಸು ಇಲ್ಲ, ಅಕ್ಕಾ."

"ಅನಸೂ, ಮಂದಿ ಮುಂದ ಹಿಂಗ ಮಾಡಬ್ಯಾಡ. ನನಗ ಏನೂ ನೋವಿಲ್ಲ. ದೇವ್ರಾಣಿ ಇಲ್ಲ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಅದೇ ನನ್ನನ್ನು ಕೊಲ್ಲುತ್ತಿತ್ತು. ಅವಳನ್ನು ಎಳೆದೊಯ್ಯಲು ಆಂಬುಲೆನ್ಸಿನವರಿಗೆ ಮನಸ್ಸಿರಲಿಲ್ಲ. ಮೊಬೈಲಿನಲ್ಲಿ ನೂರ ಇಪ್ಪತ್ತೆರಡು ಎಂದಿತ್ತು. ನಾನು ಅವಳ ಪಕ್ಕದಲ್ಲಿ ಮಂಡಿಯೂರಿ ಕೂತೆ. "ತಪ್ಪಾತು, ಅಕ್ಕಾ," ಎಂದು ಆಯಸ್ಕಾಂತವನ್ನು ಅವಳ ಎದೆಯ ಮೇಲೆ ಒತ್ತಿದೆ. ಅವಳನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದಳು.

ಒಂದು, ಎರಡು, ಮೂರು. ಅಕ್ಕ, "ಏನಿದು?" ಎಂದು ನನ್ನ ಕೈ ಸರಿಸಲು ನೋಡಿದಳು. ಆರು, ಏಳು. ಗಿರಾಕಿಗಳು ಉಣ್ಣುವುದನ್ನು ಬಿಟ್ಟು ನೋಡುತ್ತಿದ್ದರು. ಹತ್ತು.

ಮೊದಲು ಅವಳ ಕಣ್ಣು ದೊಡ್ಡವಾದವು. ಆಮೇಲೆ ಬಾಯಿ ತೆರೆಯಿತು, ಸದ್ದು ಬರಲಿಲ್ಲ. ಬಡಿಯುತ್ತಿದ್ದ ರೊಟ್ಟಿಯ ಮೇಲೆಯೇ ಮುಂದಕ್ಕೆ ಬಾಗಿದಳು. ಆಮೇಲೆ ಬಂದ ಕೂಗನ್ನು ನಾನು ಸಾಯುವವರೆಗೆ ಮರೆಯಲಾರೆ. "ಯವ್ವಾ! ಎದಿ ಮ್ಯಾಲೆ ಯಾರೋ ನಿಂತಾರವ್ವಾ!" ಎಂದು ಸತ್ತ ನಮ್ಮವ್ವನನ್ನು ಕರೆದಳು. ನನ್ನನ್ನು ಸಾಕಿದ ಜೀವ ಅದು. ಅವಳ ನೋವನ್ನು ನಾನೇ ನನ್ನ ಕೈಯಾರೆ ಅವಳಿಗೆ ತಿರುಗಿ ಕೊಟ್ಟಿದ್ದೆ.

"ಗ್ಯಾಸ್ ಆಗೇತಿ, ಸೋಡಾ ತರ್ರಿ!" ಎಂದು ಒಬ್ಬ ಗಿರಾಕಿ ಕೂಗಿದ.

"ಸೋಡಾ ತಂದ್ರ ನಿನ್ನ ತಲಿ ಮ್ಯಾಲೆ ಒಡಿತೀನಿ!" ಎಂದು ನಾನು ಚೀರಿದೆ. ಆಂಬುಲೆನ್ಸಿನವರಿಗೆ ಈಗ ಯಾರೂ ಹೇಳಬೇಕಾಗಲಿಲ್ಲ. ಅವಳ ಬಾಯಿಗೆ ಮಾತ್ರೆ ಹಾಕಿ ಅಗಿಯಲು ಹೇಳಿ, ಎತ್ತಿಕೊಂಡು ಓಡಿದರು.

ಆಂಬುಲೆನ್ಸಿನಲ್ಲಿ ಅವಳ ಕೈ ಹಿಡಿದು ಕೂತೆ. ಅವಳು ನರಳುತ್ತಿದ್ದಷ್ಟು ಹೊತ್ತು ನನಗೆ ಉಸಿರಾಡಲು ಆಗುತ್ತಿತ್ತು. ನರಳಾಟ ಒಂದು ಗಳಿಗೆ ನಿಂತರೂ, "ಅಕ್ಕಾ, ನೋವೈತಿ ಇಲ್ಲೋ? ಹೇಳು, ನೋವೈತಿ ಇಲ್ಲೋ?" ಎಂದು ಅಲುಗಾಡಿಸುತ್ತಿದ್ದೆ.

"ಐತಿ," ಎನ್ನುತ್ತಿದ್ದಳು. "ಐತಿ, ಅನಸೂ. ತಡಿಯಾಕ ಆಗವಲ್ದು. ಮಷೀನ್ ಹಚ್ಚು. ಹಚ್ಚವ್ವಾ, ನಿನ್ನ ಕಾಲ್ ಬೀಳ್ತೀನಿ."

ಹಚ್ಚಲಿಲ್ಲ. ಆಯಸ್ಕಾಂತವನ್ನು ಇನ್ನೊಮ್ಮೆ ಹಿಡಿದಿದ್ದರೆ ಯಂತ್ರ ಹತ್ತುತ್ತಿತ್ತು, ಅವಳು ಸುಮ್ಮನಾಗುತ್ತಿದ್ದಳು. ಅದು ನನ್ನ ಸೆರಗಿನಲ್ಲೇ ಇತ್ತು. ಹಚ್ಚಲಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದ ಡಾಕ್ಟರು ಹುಬ್ಬು ಏರಿಸಿದರು. ಹೃದಯದ ದೊಡ್ಡ ರಕ್ತನಾಳವೊಂದು ಪೂರ್ತಿ ಮುಚ್ಚಿದೆ, ಈಗಲೇ ತೆರೆಯಬೇಕು, ಬದುಕುತ್ತಾರೆಂದು ಭರವಸೆ ಕೊಡಲಾರೆ ಎಂದರು. ಸ್ಟ್ರೆಚರನ್ನು ಒಳಗೆ ತಳ್ಳಿಕೊಂಡು ಹೋಗುವಾಗ ನನ್ನ ಫೋನ್ ಬಡಿದುಕೊಂಡಿತು. ಕಟಗೇರಿ.

"ಅನಸೂಯಾ, ರೈಲ್ವೆ ಗಾರ್ಡ್ ಹೋಗಿಬಿಟ್ಟರು. ಆಂಬುಲೆನ್ಸ್ ಮುಟ್ಟೂದರಾಗ. ಹಳೇ ಹುಬ್ಬಳ್ಳಿಯವ್ರು ಆಸ್ಪತ್ರಿಯೊಳಗ ಇದ್ದಾರ. ಈಗ ಇನ್ನೂ ಐದು ಹೆಸರು ಬಂದಾವ. ಮಧ್ಯಾಹ್ನದ ಬಿಸಲು. ನನಗ ಕೈ ಏಳವಲ್ದು. ನಿಮ್ಮ ಅಕ್ಕಗ ಆರಿಸಿದಾಗ ಹೆಂಗಾತು? ಖರೇ ಹೇಳ್ರಿ. ಅದನ್ನ ಒಂಬತ್ತು ಸಾವಿರ ಮಂದಿಗೆ ನಾ ಕೊಡಬೇಕು."

ಸ್ಟ್ರೆಚರಿನ ಜೊತೆ ಓಡುತ್ತ ಫೋನನ್ನು ಅಕ್ಕನ ಬಾಯಿಯ ಹತ್ತಿರ ಹಿಡಿದೆ. ಬಾಗಿಲು ಬರುವವರೆಗೆ, ಸುಮಾರು ಇಪ್ಪತ್ತು ಹೆಜ್ಜೆ. ಕಟಗೇರಿ ಎಲ್ಲವನ್ನೂ ಕೇಳಿದರು. ಬಾಗಿಲು ಮುಚ್ಚಿದ ಮೇಲೆ ಫೋನನ್ನು ಕಿವಿಗಿಟ್ಟುಕೊಂಡೆ.

"ಇಷ್ಟು ಆಗತದ, ಸರ್," ಎಂದೆ. "ಆದರ ಇನ್ನೂ ಜೀಂವ ಐತಿ."

"ಬಸ್ ಡಿಪೋಕ್ಕ, ವಿದ್ಯುತ್ ಕಚೇರಿಗೆ ಫೋನ್ ಮಾಡಿಸ್ತೀನಿ. ಇಪ್ಪತ್ತು ನಿಮಿಷ ಕೊಡ್ತೀನಿ. ಎಲ್ಲಾ ಮೊಬೈಲಿಗೂ ಸಂದೇಶ ಹೋಗ್ಲಿ. ಆಮ್ಯಾಲೆ ಆರಿಸ್ತೀನಿ," ಎಂದರು.

ಒಂದೂ ಹತ್ತಕ್ಕೆ ಆರಿಸಿದರು. ನಾನು ಬಾಗಿಲ ಹೊರಗಿನ ಬೆಂಚಿನ ಮೇಲಿದ್ದೆ. ಎದುರಿಗೆ ಔಷಧಿ ಅಂಗಡಿಯ ಕಿಟಕಿಯಲ್ಲಿ ಚಿಲ್ಲರೆ ಎಣಿಸುತ್ತಿದ್ದವನು ಸಟ್ಟನೆ ಎದೆಗೆ ಕೈ ಒತ್ತಿಕೊಂಡ. ವರಾಂಡದ ಆ ತುದಿಯಲ್ಲಿ ಕಸಬರಿಗೆ ಹಿಡಿದ ಹೆಂಗಸು ನೆಲಕ್ಕೆ ಕೂತಳು. ಕೆಳಗೆ ರಸ್ತೆಯಲ್ಲಿ ಯಾರೋ ಕೂಗಿದರು, ಆಮೇಲೆ ಇನ್ನೊಬ್ಬರು, ಆಮೇಲೆ ಹಾರ್ನುಗಳು. ಊರು ತನ್ನ ಎದೆ ಹಿಡಿದುಕೊಂಡು ನಿಂತುಬಿಟ್ಟಿತು.

ಎರಡು ನಿಮಿಷಗಳಲ್ಲಿ ಕೇಂದ್ರದ ಫೋನುಗಳೆಲ್ಲ ತುಂಬಿಹೋದವು. ಹೆಚ್ಚಾದ ಕರೆಗಳು ನಮ್ಮ ನಮ್ಮ ಮೊಬೈಲುಗಳಿಗೆ ಹರಿದುಬಂದವು. ಎತ್ತಿದೆ. "ನಿಮ್ಮ ಮಷೀನಿಗೆ ಬೆಂಕಿ ಬೀಳ್ಲಿ!" ಎಂದಿತು ಒಂದು ದನಿ. ಇನ್ನೊಬ್ಬರು ನನ್ನ ಏಳು ತಲೆಮಾರಿಗೂ ಶಾಪ ಹಾಕಿದರು. ಒಬ್ಬ ಅಜ್ಜಿ ಬರೀ ಅತ್ತಳು. ಎಲ್ಲರಿಗೂ ನಾನು ಒಂದೇ ಪಾಠ ಒಪ್ಪಿಸುತ್ತಿದ್ದೆ. ಉರಿ ಗಂಟಲಿಗೆ ಏರತದೇನು, ಬಾಯಾಗ ಹುಳಿ ಬರತದೇನು? ಹಂಗಾದ್ರ ನೆಟ್ಟಗ ಕೂಡ್ರಿ, ಮಲಗಬ್ಯಾಡ್ರಿ, ಮೊದಲು ನುಂಗುತ್ತಿದ್ದ ಆಮ್ಲದ ಗುಳಿಗಿ ತಗೋರಿ. ಭಾರ ಐತೇನು, ಬೆವರು ಬರತದೇನು, ಕೈಗೆ, ದವಡಿಗೆ ಹರಿತದೇನು? ಹಂಗಾದ್ರ ಎದ್ದು ಆಸ್ಪತ್ರಿಗೆ ನಡೀರಿ. ಯಾವುದು ಅನ್ನೂದು ಗೊತ್ತಾಗಲಿಲ್ಲಂದ್ರೂ ಆಸ್ಪತ್ರಿಗೆ ನಡೀರಿ. ಬೈಗುಳ ಕೇಳಿದಷ್ಟೂ ನನಗೆ ಸಮಾಧಾನವಾಗುತ್ತಿತ್ತು. ಬೈಯುವವರೆಲ್ಲ ಬದುಕಿದ್ದರು. ನನ್ನ ಬೆನ್ನ ಹಿಂದಿನ ಬಾಗಿಲಿನಿಂದ ಮಾತ್ರ ಯಾವ ಸದ್ದೂ ಬರುತ್ತಿರಲಿಲ್ಲ. ಒಂದೂ ಮುಕ್ಕಾಲಾಯಿತು. ಎರಡಾಯಿತು. ಅಕ್ಕನ ಕೂಗು ಕೇಳಲೆಂದು ಪ್ರತಿ ಕರೆಯ ನಡುವೆ ಆ ಬಾಗಿಲಿಗೆ ಕಿವಿಗೊಡುತ್ತಿದ್ದೆ.

ಎರಡೂ ಹತ್ತಕ್ಕೆ ಇನ್ನೊಂದು ಕರೆ ಬಂತು. ಮೆತ್ತಗಿನ, ವಯಸ್ಸಾದ ಗಂಡು ದನಿ.

"ನಮಸ್ಕಾರ್ರೀ. ತಣಿವು ಕೇಂದ್ರ ಅಲ್ಲೇನ್ರಿ? ಒಂದು ಸಣ್ಣ ವಿಚಾರ. ನಮ್ಮ ಓಣಿ ಮಂದಿಯೆಲ್ಲಾ ಉರಿ ಉರಿ ಅಂತ ಬಾಯಿ ಬಡಕೊಳ್ಳಾಕತ್ತಾರ. ನನಗ ಏನೂ ಆಗಿಲ್ರಿ. ನಮ್ಮ ಪೆಟ್ಟಗಿ ನಾಕು ದಿನದಿಂದ ದೀಪಾ ಹತ್ತವಲ್ದು, ಅದಕ್ಕ ನಿಮ್ಮ ಸಂದೇಶ ಮುಟ್ಟಿಲ್ಲೋ ಏನೋ. ನಾ ಆರಾಮ ಅದೀನ್ರಿ. ಭಾಳ ಆರಾಮ. ಒಂದೀಟು ಬೆವರು ಅಷ್ಟ."

ನಾನು ಬೆಂಚಿನಿಂದ ಎದ್ದು ನಿಂತೆ. ಪೆಟ್ಟಿಗೆ ಕೆಟ್ಟವರ ಗೆರೆ ನಮಗೆ ಬರುವುದಿಲ್ಲ, ಆರಿಸುವ ಅಪ್ಪಣೆ ಅವರ ಯಂತ್ರಕ್ಕೆ ಹೋಗುವುದಿಲ್ಲ. ಅವರ ಹೆಸರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

"ಅಜ್ಜಾರ, ನಿಮ್ಮ ಮನಿ ಎಲ್ಲೈತ್ರಿ?"

"ನಾ ಆರಾಮ ಅದೀನಿ ಅಂದ್ನಲ್ಲವಾ. ಉಳಿದವರನ್ನ ನೋಡ್ರಿ ಮೊದಲ."

ಬೆನ್ನ ಹಿಂದೆ ಬಾಗಿಲು ತೆರೆಯಿತು. ನರ್ಸ್ ಒಬ್ಬಳು ತಲೆ ಹೊರಹಾಕಿ, "ಕಾಶವ್ವನ ಕಡಿಯವ್ರು ಯಾರ್ರಿ?" ಎಂದಳು. ಅವಳ ಹಿಂದಿನಿಂದ, ಒಳಗೆಲ್ಲೋ ದೂರದಿಂದ, ಅಕ್ಕನ ದನಿ ಬಂತು. ಒಡೆದ, ದಣಿದ, ಸಿಟ್ಟಿನ ದನಿ. "ಸೂಜಿ ಎಷ್ಟು ಸಲ ಚುಚ್ಚತೀರೋ, ನಿಮ್ಮ ಹೆಣಾ ಎತ್ಲಿ, ನೋವಾಗತೈತಿ!"

ಒಳಗೆ ಓಡಬೇಕೆನಿಸಿತು. ಆದರೂ ನರ್ಸಿಗೆ ಕೈ ತೋರಿಸಿ ತಡೆದು, ಫೋನನ್ನು ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಆ ಕಡೆ ಅಜ್ಜ ಮೆಲ್ಲಗೆ, ತೃಪ್ತಿಯಿಂದ ಉಸಿರು ಬಿಡುತ್ತಿದ್ದರು. ಮಾತಿನ ನಡುವಿನ ಬಿಡುವು ಉದ್ದವಾಗುತ್ತಿತ್ತು.

"ಅಜ್ಜಾರ," ಎಂದೆ, "ಫೋನ್ ಇಡಬ್ಯಾಡ್ರಿ. ಯಾ ಓಣಿ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೀನಿ, ಓಣಿ ಯಾವುದು ಹೇಳ್ರಿ."